ಆಸ್ಪತ್ರೆ ಕಸ ಸುಡುವ ಘಟಕದ ಪಕ್ಕ ಮನೆ. ಮಗುವಿನ ರಕ್ತದಲ್ಲಿ ಸೀಸ ನೋಡಿಸಬೇಕಾ?

ಕಣದಮನೆ · ಶನಿವಾರ, ರಾತ್ರಿ 9:40
ಚಿಕ್ಕಮಗಳೂರು ತಾಲ್ಲೂಕಿನವಳು. ಊರಿನ ಹೆಸರು ಹಾಕುವುದಿಲ್ಲ, ಹತ್ತಿರದವರಿಗೆ ಹೇಗೂ ಗೊತ್ತಾಗುತ್ತದೆ. ನಮ್ಮ ಮನೆಯಿಂದ ಒಂದು ಕಿಲೋಮೀಟರಿನ ಒಳಗೆ ಆಸ್ಪತ್ರೆ ಕಸ ಸುಡುವ ಘಟಕ ಇದೆ. ಬಂದು ಏಳೆಂಟು ವರ್ಷ ಆಯಿತು. ಹಗಲು ಹೊತ್ತು ಚಿಮಣಿಯಲ್ಲಿ ಏನೂ ಕಾಣುವುದಿಲ್ಲ. ರಾತ್ರಿ ಹತ್ತರ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ ಶುರು. ಡಿಸೆಂಬರಿನಲ್ಲಿ ಕಾಫಿ ಒಣಗಲು ಹಾಕಿದರೆ ಬೆಳಿಗ್ಗೆ ಕಣದ ಮೇಲೆ ಸಣ್ಣ ಬೂದಿ. ಅತ್ತೆ ಅದನ್ನು ನೋಡಿ "ಯಾರೋ ದರಗು ಸುಟ್ಟಿರಬೇಕು" ಅನ್ನುತ್ತಾರೆ. ದಿನಾ ಯಾರು ದರಗು ಸುಡುತ್ತಾರೆ?

ಮಗಳಿಗೆ ಆರು ವರ್ಷ. ಊಟ ಸೇರುವುದಿಲ್ಲ, ರಕ್ತ ಕಡಿಮೆ ಇದೆ ಅಂತ ಡಾಕ್ಟರು ಟಾನಿಕ್ ಕೊಟ್ಟಿದ್ದಾರೆ. ಮೈದುನ ಎಲ್ಲೋ ಜಾಹೀರಾತು ನೋಡಿ ಅವಳ ಕೂದಲು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದ. ರಿಪೋರ್ಟಿನಲ್ಲಿ ಸೀಸ, ಕ್ಯಾಡ್ಮಿಯಂ, ಅಲ್ಯೂಮಿನಿಯಂ ಮೂರೂ ಕೆಂಪು ಬಣ್ಣದಲ್ಲಿ ಬಂದಿವೆ. ಎರಡು ದಿನದಿಂದ ನಿದ್ದೆ ಇಲ್ಲ. ಇದನ್ನು ನಂಬಬೇಕಾ? ಬೇರೆ ಯಾವ ಪರೀಕ್ಷೆ ಮಾಡಿಸಬೇಕು? ಹಾಸನದಲ್ಲಿ ಆಗುತ್ತದಾ?

ಬೇಲೂರು_ಬಸ್‌ಸ್ಟ್ಯಾಂಡ್ · 9:52
ಅಕ್ಕ, ಮೊದಲು ಊಟ ಮಾಡಿ ಮಲಗಿ. ಗೊತ್ತಿರುವವರು ಬರುತ್ತಾರೆ.

ಹೊಗೆಬತ್ತಿ · 9:58
ಇದರಲ್ಲಿ ಕೇಳುವುದೇನಿದೆ? ಕಾರಣ ಆ ಘಟಕವೇ. ಊರವರೆಲ್ಲ ಸೇರಿ ಗೇಟಿಗೆ ಬೀಗ ಜಡಿಯಿರಿ.

ಲ್ಯಾಬ್‌ಮಂದಿ · 10:15
ಹಾಸನದ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ಒಂದೊಂದಾಗಿ ಹೇಳುತ್ತೇನೆ.

ಕೂದಲ ರಿಪೋರ್ಟನ್ನು ಪಕ್ಕಕ್ಕಿಡಿ. ಕೂದಲಿನ ಮೇಲೆ ಹೊರಗಿನ ಧೂಳು, ಎಣ್ಣೆ, ಶಾಂಪೂ ಎಲ್ಲ ಕೂರುತ್ತದೆ. ಒಳಗಿಂದ ಬಂದ ಸೀಸ ಯಾವುದು, ಹೊರಗಿಂದ ಅಂಟಿದ್ದು ಯಾವುದು ಅಂತ ಒಬ್ಬರ ಕೂದಲಲ್ಲಿ ಬಿಡಿಸಿ ಹೇಳುವುದು ಕಷ್ಟ. ಆ ಕೆಂಪು ಬಣ್ಣ ಹೆದರಿಸುವುದಕ್ಕೇ ಇರುವುದು. ಅದರ ಕೆಳಗೆ ಯಾವುದೋ ಪುಡಿಯ ಜಾಹೀರಾತು ಇದೆಯಾ ನೋಡಿ.

ಸೀಸಕ್ಕೆ ರಕ್ತ. ಬೆರಳು ಚುಚ್ಚಿ ತೆಗೆದದ್ದಲ್ಲ, ಕೈಯ ರಕ್ತನಾಳದಿಂದ ತೆಗೆದದ್ದು. ಬೆರಳಿನ ಮೇಲಿನ ಧೂಳೇ ಲೆಕ್ಕ ಕೆಡಿಸುತ್ತದೆ. ಕ್ಯಾಡ್ಮಿಯಂ ಹಳೆಯದಾದರೆ ಮೂತ್ರ, ಇತ್ತೀಚಿನದಾದರೆ ರಕ್ತ. ಪಾದರಸದ ಆವಿ ಉಸಿರಿನಿಂದ ಹೋಗಿದ್ದರೆ ಮೂತ್ರ, ಮೀನಿನಿಂದ ಬಂದಿದ್ದರೆ ರಕ್ತ ಅಥವಾ ಕೂದಲು. ಆರ್ಸೆನಿಕ್‌ಗೆ ಮೂತ್ರ. ಅದಕ್ಕೆ ಮುಂಚೆ ಮೂರು ನಾಲ್ಕು ದಿನ ಬಂಗುಡೆ, ಭೂತಾಯಿ, ಸಿಗಡಿ ಏನೂ ತಿನ್ನಬಾರದು. ಸಮುದ್ರದ ಮೀನಿನಲ್ಲಿ ತೊಂದರೆ ಕೊಡದ ಬಗೆಯ ಆರ್ಸೆನಿಕ್ ಇರುತ್ತದೆ, ಬರೀ ಒಟ್ಟು ಲೆಕ್ಕ ತೆಗೆದರೆ ಅದೂ ಸೇರಿಬಿಡುತ್ತದೆ.

ಇಲ್ಲಿ ಸ್ಯಾಂಪಲ್ ತೆಗೆಯುತ್ತೇವೆ, ಮಷಿನ್ ಇಲ್ಲ. ಬೆಂಗಳೂರಿಗೆ ಹೋಗುತ್ತದೆ. ಒಂದು ವಾರ ಹಿಡಿಯುತ್ತದೆ.

ಮೂಡಿಗೆರೆ_ಮಳೆ · 10:21
ಭೂತಾಯಿ ಬಿಟ್ಟು ನಾಲ್ಕು ದಿನವಾ? ನಮ್ಮ ಮನೆಯಲ್ಲಿ ಯಾರೂ ಆ ಪರೀಕ್ಷೆಗೆ ಒಪ್ಪುವುದಿಲ್ಲ ಮಾರಾಯ್ರೆ.

ರಸಾಯನ_ಮೇಷ್ಟ್ರು · 10:48
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಹಾಸನ. ಕೇಳಮ್ಮ. ತುಂಬಾ ಜನ ತಿಳಿದಿರುವುದು ಏನೆಂದರೆ ಬೆಂಕಿಗೆ ಹಾಕಿದರೆ ಎಲ್ಲ ನಾಶ ಆಗುತ್ತದೆ ಅಂತ. ರೋಗಾಣು ಸಾಯುತ್ತದೆ, ಬಟ್ಟೆ ಸುಡುತ್ತದೆ. ಲೋಹ ಸುಟ್ಟು ಇಲ್ಲವಾಗುವುದಿಲ್ಲ. ಒಲೆಗೆ ಹಾಕಿದ ಮೊಳೆ ಬೂದಿಯಲ್ಲಿ ಸಿಗುವುದಿಲ್ಲವೇ? ಹಾಗೇ. ಜಾಗ ಮಾತ್ರ ಬದಲಾಯಿಸುತ್ತದೆ.

ಪಾದರಸ ಕುದಿಯುವುದು 357 ಡಿಗ್ರಿಗೆ, ಕ್ಯಾಡ್ಮಿಯಂ 767ಕ್ಕೆ. ಆಸ್ಪತ್ರೆ ಕಸದ ಕುಲುಮೆಯ ಮೊದಲ ಕೋಣೆ ಸುಮಾರು 800, ಎರಡನೆಯದು ಸುಮಾರು 1050 ಇರಬೇಕು ಅಂತ ನಿಯಮ. ಅಂದರೆ ಇವೆರಡೂ ಆವಿಯಾಗಿ ಹೊಗೆಯ ಜೊತೆ ಹೊರಡುತ್ತವೆ. ಸೀಸ ಕುದಿಯಲು 1700ರ ಮೇಲೆ ಬೇಕು, ಆದರೆ ಪಿವಿಸಿ ಪ್ಲಾಸ್ಟಿಕ್ಕಿನ ಕ್ಲೋರಿನ್ ಸಿಕ್ಕರೆ ಸೀಸದ ಕ್ಲೋರೈಡ್ ಆಗಿ ಬೇಗ ಹಾರುತ್ತದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಡಬೇಡಿ ಅನ್ನುವುದಕ್ಕೆ, ಅದು ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಅನ್ನುವ ವಿಷ ಒಂದೇ ಕಾರಣ ಅಲ್ಲ.

ಹೊಗೆ ತಣ್ಣಗಾದಾಗ ಸೀಸ, ಕ್ಯಾಡ್ಮಿಯಂ ನುಣ್ಣನೆ ಬೂದಿಯ ಮೇಲೆ ಕೂರುತ್ತವೆ. ಒಳ್ಳೆ ಫಿಲ್ಟರ್ ಇದ್ದರೆ ಅದು ಸಿಕ್ಕಿಬೀಳುತ್ತದೆ. ಪಾದರಸ ಮಾತ್ರ ಬಟ್ಟೆ ಫಿಲ್ಟರಿಗೂ ಸುಲಭಕ್ಕೆ ಬಗ್ಗುವುದಿಲ್ಲ, ಅದಕ್ಕೆ ಇದ್ದಿಲ ಪುಡಿ ಊದಬೇಕು. ಆದ್ದರಿಂದ ಘಟಕ ಇದೆಯಾ ಇಲ್ಲವಾ ಅನ್ನುವುದಕ್ಕಿಂತ ಫಿಲ್ಟರ್ ಇದೆಯಾ, ರಾತ್ರಿಯೂ ಓಡಿಸುತ್ತಾರಾ, ಆ ಬೂದಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕು.

ಇನ್ನೊಂದು. ಘಟಕ ನಿಮ್ಮ ಮನೆಯಿಂದ ಯಾವ ದಿಕ್ಕಿಗಿದೆ?

ಕಣದಮನೆ · 10:55
ಈಶಾನ್ಯಕ್ಕೆ ಸಾರ್. ನಮ್ಮದು ಸ್ವಲ್ಪ ತಗ್ಗು.

ರಸಾಯನ_ಮೇಷ್ಟ್ರು · 11:02
ಸರಿ ಹೋಯಿತು. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ, ಹೊಗೆ ನಿಮ್ಮ ಕಡೆ ಬರುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯದಿಂದ, ನೇರ ನಿಮ್ಮ ಕಣಕ್ಕೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ತಗ್ಗಿನಲ್ಲಿ ನಿಂತುಬಿಡುತ್ತದೆ, ಹೊಗೆ ಮೇಲೇರುವುದಿಲ್ಲ. ನೀವು ಹೇಳಿದ ಡಿಸೆಂಬರ್ ಬೂದಿಗೂ ಇದಕ್ಕೂ ತಾಳೆ ಆಗುತ್ತದೆ. ಸಾಬೀತಾಯಿತು ಅನ್ನುತ್ತಿಲ್ಲ, ತಾಳೆ ಆಗುತ್ತದೆ ಅಷ್ಟೇ.

ಹೊಗೆಬತ್ತಿ · 11:06
ಮೇಷ್ಟ್ರೇ, ಸಾಬೀತು ಆಗುವಷ್ಟರಲ್ಲಿ ಮಗು ಪಿಯುಸಿ ಮುಗಿಸಿರುತ್ತದೆ.

ಶುದ್ಧದೇಹ · 11:20
ಮೇಡಂ ಗಾಬರಿ ಬೇಡ. ನಮ್ಮಲ್ಲಿ ದೇಹದ ಲೋಹ ಹೊರಹಾಕುವ ಗಿಡಮೂಲಿಕೆ ಪುಡಿ ಇದೆ. 21 ದಿನ ಖಾಲಿ ಹೊಟ್ಟೆಗೆ. ಇನ್‌ಬಾಕ್ಸ್ ಮಾಡಿ.

ಲ್ಯಾಬ್‌ಮಂದಿ · 11:23
ಬಂದರು ನೋಡಿ. ಅಕ್ಕ, ದಯವಿಟ್ಟು ಇದನ್ನು ಮುಟ್ಟಬೇಡಿ. ಪಾದರಸ, ಸೀಸ ಹಾಕಿ ಮಾಡುವ ಭಸ್ಮದ ಔಷಧಿಗಳಿಂದಲೇ ಸೀಸ ಏರಿ ಆಸ್ಪತ್ರೆ ಸೇರಿದವರು ಇದ್ದಾರೆ. ಲೋಹ ತೆಗೆಯುವ ಔಷಧಿ ನಿಜವಾಗಿಯೂ ಇದೆ, ಅದನ್ನು ಮಟ್ಟ ತುಂಬಾ ಜಾಸ್ತಿ ಇದ್ದಾಗ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಮನೆಯಲ್ಲಿ ನೀರಿಗೆ ಕದಡಿ ಕುಡಿಯುವುದಲ್ಲ.

ನಿರ್ವಾಹಕರು · 11:31
ಶುದ್ಧದೇಹ ಅವರ ಖಾತೆ ಒಂದು ತಿಂಗಳು ಬಂದ್. ಇದು ಮೂರನೇ ಸಲ.

ಸಕಲೇಶಪುರ_ಏಲಕ್ಕಿ · ಭಾನುವಾರ, ಬೆಳಿಗ್ಗೆ 6:50
ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೈಯಬೇಡಿ. ತೋಟದವರಾಗಿ ನಾವು ವರ್ಷಕ್ಕೆ ಎರಡು ಸಲ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ನಮ್ಮ ಅಜ್ಜನ ಕಾಲದಿಂದ ಅದೇ ಮಣ್ಣಿಗೆ ಬೀಳುತ್ತಿದೆ. ನಾಳೆ ಯಾರೋ ಬಂದು ನಿಮ್ಮ ಮಣ್ಣು ಪರೀಕ್ಷೆ ಮಾಡಿ "ಅಯ್ಯೋ ತಾಮ್ರ" ಅಂದರೆ ಅದು ಚಿಮಣಿಯದ್ದಾ, ನಮ್ಮ ಪಂಪಿನದ್ದಾ? ರಂಜಕದ ಗೊಬ್ಬರದಲ್ಲಿ ಕ್ಯಾಡ್ಮಿಯಂ ಇರುತ್ತದೆ. ಬೀಡಿ ಸಿಗರೇಟಿನಲ್ಲೂ ಇದೆ. ಎಲ್ಲ ತಪ್ಪನ್ನೂ ಒಂದೇ ಚಿಮಣಿಗೆ ಕಟ್ಟಿದರೆ ಘಟಕದವರು ಸಲೀಸಾಗಿ ತಪ್ಪಿಸಿಕೊಳ್ಳುತ್ತಾರೆ.

ನುಗ್ಗೇಹಳ್ಳಿ_ಹೈದ · 7:15
ಏಲಕ್ಕಿ ಅಣ್ಣ ಹೇಳಿದ್ದು ಸರಿ. ನಮ್ಮ ಕಡೆ ಬೈರಾಪುರದಲ್ಲಿ ಕ್ರೋಮೈಟ್ ಗಣಿ. ಆ ಸಾಲಿನ ಕಲ್ಲಿನಲ್ಲೇ ಕ್ರೋಮಿಯಂ, ನಿಕ್ಕಲ್ ಇದೆ. ನಮ್ಮೂರಲ್ಲಿ ಯಾವ ಚಿಮಣಿಯೂ ಇಲ್ಲ, ಆದರೂ ಮಣ್ಣು ನೋಡಿದರೆ ಲೋಹ ಕಾಣುತ್ತದೆ. ಕುದುರೆಮುಖದ ಕಡೆ ಕಬ್ಬಿಣ. ಜಿಲ್ಲೆ ಜಿಲ್ಲೆಗೆ ಮಣ್ಣಿನ ಹುಟ್ಟುಗುಣ ಬೇರೆ.

ಕಡೂರು_ಎಕ್ಸ್‌ಪ್ರೆಸ್ · 7:22
ಕುದುರೆಮುಖ ಗಣಿ ನಿಂತು ಎಷ್ಟು ವರ್ಷ ಆಯಿತು? ನಮ್ಮ ಚಿಕ್ಕಪ್ಪ ಅಲ್ಲಿ ಕೆಲಸದಲ್ಲಿದ್ದರು. ಆ ಕಾಲೊನಿ ಈಗ ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೂಡಿಗೆರೆ_ಮಳೆ · 7:25
2005ರ ಕೊನೆಗೆ ನಿಂತಿತು. ಆ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ರಸಾಯನ_ಮೇಷ್ಟ್ರು · 8:30
ಏಲಕ್ಕಿಯವರ ಮಾತಿಗೆ ಅರ್ಧ ಒಪ್ಪಿಗೆ. ಇದಕ್ಕೇ ಹೊರದೇಶದಲ್ಲಿ ಏನು ಮಾಡಿದರು ಅಂದರೆ, ಘಟಕ ಶುರುವಾಗುವ ಮುಂಚೆಯೇ ಜನರ ಪರೀಕ್ಷೆ ಮಾಡಿಟ್ಟುಕೊಂಡರು. ಇಟಲಿಯ ಟ್ಯೂರಿನ್ ಊರಿನ ಗೆರ್ಬಿಡೊ ಘಟಕ 2013ರಲ್ಲಿ ಶುರುವಾಯಿತು. ಅದಕ್ಕೆ ಮೊದಲೇ ಹತ್ತಿರದವರ, ದೂರದವರ ರಕ್ತ ಮೂತ್ರ ತೆಗೆದರು. ಒಂದು ವರ್ಷ ಬಿಟ್ಟು ಮತ್ತೆ, ಮೂರು ವರ್ಷಕ್ಕೆ ಮತ್ತೆ. ಘಟಕದಿಂದ ಲೋಹ ಏರಿತು ಅನ್ನುವಂಥದ್ದು ಒಟ್ಟಾರೆ ಕಾಣಲಿಲ್ಲ, ಬಹಳಷ್ಟು ಲೋಹ ಇಳಿದೇ ಇದ್ದವು. ಸ್ಪೇನಿನ ತಾರಗೋನದಲ್ಲೂ 1999ರಲ್ಲಿ ಶುರುವಾದ ಅಪಾಯಕಾರಿ ಕಸದ ಘಟಕದ ಸುತ್ತ ವರ್ಷಗಟ್ಟಲೆ ಮಣ್ಣು, ಗಿಡ, ಜನರ ಕೂದಲು ನೋಡುತ್ತಾ ಬಂದಿದ್ದಾರೆ.

ಲ್ಯಾಬ್‌ಮಂದಿ, ಅಲ್ಲಿ ಕೂದಲು ಬಳಸಿದ್ದಾರೆ, ಗಮನಿಸಿ.

ಲ್ಯಾಬ್‌ಮಂದಿ · 8:41
ಬಳಸುತ್ತಾರೆ ಸಾರ್. ನೂರಾರು ಜನರದ್ದು, ಒಂದೇ ರೀತಿ ತೊಳೆದು, ವರ್ಷ ವರ್ಷ ಹೋಲಿಸಲು. ಒಂದು ಮಗುವಿನ ಒಂದು ಜುಟ್ಟಿನಿಂದ ರೋಗ ಹೇಳಲು ಅಲ್ಲ. ನಾನು ಬೇಡ ಅಂದಿದ್ದು ಎರಡನೆಯದು.

ಹೊಗೆಬತ್ತಿ · 8:44
ಟ್ಯೂರಿನ್ ಕಥೆ ಕೇಳಿ ಖುಷಿ ಆಯಿತು. ಅಲ್ಲಿ ರಾತ್ರಿ ಹನ್ನೊಂದಕ್ಕೆ ಫಿಲ್ಟರ್ ಬಂದ್ ಮಾಡಿ ಕರೆಂಟ್ ಉಳಿಸುತ್ತಾರಾ? ಇಟಲಿಯ ಹೊಸ ಘಟಕ ಚೆನ್ನಾಗಿದೆ ಅಂದರೆ ನಮ್ಮೂರಿನ ಶೆಡ್ಡೂ ಚೆನ್ನಾಗಿದೆ ಅಂತಲಾ? ದೆಹಲಿ ಓಖ್ಲಾದಲ್ಲಿ ಮನೆಗಳ ಪಕ್ಕ ಕಸದಿಂದ ಕರೆಂಟ್ ಮಾಡುವ ಘಟಕ 2012ರಿಂದ ನಡೆಯುತ್ತಿದೆ. ಅಲ್ಲಿಯ ಜನ ಬೂದಿ, ಹೊಗೆ ಅಂತ ಕೋರ್ಟು ಹತ್ತಿ ಹತ್ತಿ ಸವೆದರು. 2017ರಲ್ಲಿ ಹಸಿರು ನ್ಯಾಯಮಂಡಳಿ 25 ಲಕ್ಷ ಕಟ್ಟಲು ಹೇಳಿತು, ಘಟಕ ಮಾತ್ರ ನಡೆಯುತ್ತಲೇ ಹೋಯಿತು.

ರಸಾಯನ_ಮೇಷ್ಟ್ರು · 9:05
ಅದನ್ನೇ ಹೇಳಲು ಹೊರಟಿದ್ದೆ, ನೀವು ಮುಂದೆ ಓಡಿದಿರಿ. ಟ್ಯೂರಿನ್ನಿನ ಫಲಿತಾಂಶ ಟ್ಯೂರಿನ್ನಿನ ಫಿಲ್ಟರಿಗೆ ಮಾತ್ರ. ಅಮೆರಿಕದಲ್ಲಿ ಆಸ್ಪತ್ರೆ ಕಸ ಸುಡುವ ಒಲೆಗಳು ಸಾವಿರಾರು ಇದ್ದವು. ಪಾದರಸ, ಡಯಾಕ್ಸಿನ್ ಎರಡಕ್ಕೂ ದೊಡ್ಡ ಮೂಲ ಅವು ಅಂತ ಗೊತ್ತಾಗಿ 1997ರಲ್ಲಿ ನಿಯಮ ಬಿಗಿ ಮಾಡಿದರು. ಹೆಚ್ಚಿನವು ಮುಚ್ಚಿಕೊಂಡವು, ಉಳಿದದ್ದು ಹತ್ತಾರು. ಅಂದರೆ ಹಳೆ ಒಲೆ ನಿಜಕ್ಕೂ ಕೆಟ್ಟದ್ದೇ ಇತ್ತು.

ನಮ್ಮ ನಿಯಮದಲ್ಲಿ ಒಂದು ತಮಾಷೆ ನೋಡಿ. ಊರ ಕಸ ಸುಡುವ ಘಟಕಕ್ಕೆ 2016ರ ಘನತ್ಯಾಜ್ಯ ನಿಯಮದಲ್ಲಿ ಪಾದರಸಕ್ಕೆ ಮಿತಿ, ಕ್ಯಾಡ್ಮಿಯಂ ಥಾಲಿಯಂ ಸೇರಿ ಮಿತಿ, ಸೀಸ ಆರ್ಸೆನಿಕ್ ಕ್ರೋಮಿಯಂ ನಿಕ್ಕಲ್ ಮುಂತಾದ ಒಂಬತ್ತು ಸೇರಿ ಘನ ಮೀಟರಿಗೆ 0.5 ಮಿಲಿಗ್ರಾಂ ಮಿತಿ ಹಾಕಿದ್ದರು. ಅದೇ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಚಿಮಣಿಗೆ ಧೂಳು 50, ಪಾದರಸ 0.05, ಡಯಾಕ್ಸಿನ್, ಆಮ್ಲ ಎಲ್ಲ ಇದೆ. ಲೋಹ ಅಂತ ಇರುವುದು ಪಾದರಸ ಒಂದೇ. ಸೀಸ, ಕ್ಯಾಡ್ಮಿಯಂ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ "ಎಲ್ಲ ಮಿತಿಯೊಳಗಿದೆ" ಅಂತ ಘಟಕದವರು ಹೇಳಿದರೆ ಅದು ನಿಜವೇ ಇರಬಹುದು, ಆದರೆ ನಿಮ್ಮ ಮಗಳ ಸೀಸದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಸಕಲೇಶಪುರ_ಏಲಕ್ಕಿ · 9:11
ಇದು ನನಗೆ ಗೊತ್ತಿರಲಿಲ್ಲ. ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ದನಿ ತಗ್ಗಿಸುತ್ತೇನೆ.

ಅರಸೀಕೆರೆ_ತೆಂಗು · 10:30
ನಾನು ಪಂಚಾಯ್ತಿ ಸದಸ್ಯನಾಗಿದ್ದೆ. ಕಾಗದದ ಕೆಲಸ ನಾನು ಹೇಳುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಹಾಸನದಲ್ಲೂ ಇದೆ, ಚಿಕ್ಕಮಗಳೂರಲ್ಲೂ ಇದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅಂತ ನಿಯಮ. ಕಥೆ ಬರೆದರೆ ಅದೇ ನೆಪಕ್ಕೆ ವಾಪಸ್ ಕಳಿಸುತ್ತಾರೆ, ನನಗೆ ಆಗಿದೆ.

ಮೊದಲ ಅರ್ಜಿ, ಚಿಮಣಿ ಪರೀಕ್ಷೆಯ ವರದಿಗಳು. ಮೂರು ತಿಂಗಳಿಗೊಮ್ಮೆ ಮಾಡಿಸಬೇಕು, ಡಯಾಕ್ಸಿನ್ ವರ್ಷಕ್ಕೊಮ್ಮೆ. ಎರಡನೆಯದು ಬೂದಿಯದ್ದು. ಎಷ್ಟು ಕೆಜಿ ಬಂತು, ಯಾವ ದಿನ ಎಲ್ಲಿಗೆ ಹೋಯಿತು. ಲೋಹ ಮಿತಿ ಮೀರಿದ ಬೂದಿ ಅಪಾಯಕಾರಿ ತ್ಯಾಜ್ಯದ ಜಾಗಕ್ಕೇ ಹೋಗಬೇಕು. ಹಳ್ಳಕ್ಕೆ ಸುರಿಯುವಂತಿಲ್ಲ, ರಸ್ತೆ ಗುಂಡಿ ಮುಚ್ಚುವಂತಿಲ್ಲ.

ಕಣದಮನೆ · 10:44
ಗುಂಡಿ ಅಂದಿರಿ. ನಮ್ಮೂರ ದಾರಿಗೆ ಎರಡು ವರ್ಷದ ಕೆಳಗೆ ಕಪ್ಪು ಬೂದಿ ಹಾಕಿದ್ದರು. ಎಲ್ಲಿಂದ ತಂದರು ಅಂತ ಯಾರೂ ಕೇಳಲಿಲ್ಲ. ಕೆಸರು ಹೋಯಿತಲ್ಲ ಅಂತ ಖುಷಿ ಪಟ್ಟೆವು. ಮಕ್ಕಳು ಶಾಲೆ ಬಸ್ಸಿಗೆ ನಿಲ್ಲುವುದು ಅಲ್ಲೇ.

ಅರಸೀಕೆರೆ_ತೆಂಗು · 10:47
ಅಯ್ಯೋ.

ಲ್ಯಾಬ್‌ಮಂದಿ · 10:58
ರೈಸ್ ಮಿಲ್ ಬೂದಿಯೂ ಇರಬಹುದು ಅಕ್ಕ, ಈಗಲೇ ತೀರ್ಮಾನ ಬೇಡ. ಆದರೆ ಒಂದು ಹಿಡಿ ಶುದ್ಧ ಕವರಿನಲ್ಲಿ ತೆಗೆದಿಡಿ. ತೆಗೆದ ಜಾಗ, ದಿನ ಬರೆದು ಫೋಟೊ ಹಿಡಿಯಿರಿ. ಕೈಗೆ ಗ್ಲೌಸ್ ಇರಲಿ. ಘಟಕದಿಂದ ದೂರದ ಬೇರೆ ಊರಿನ ದಾರಿಯ ಮಣ್ಣನ್ನೂ ಒಂದು ಹಿಡಿ ತನ್ನಿ. ಹೋಲಿಸಲು ಏನೂ ಇಲ್ಲದಿದ್ದರೆ ಅಂಕಿ ಇದ್ದೂ ಪ್ರಯೋಜನ ಇಲ್ಲ.

ಬೇಲೂರು_ಬಸ್‌ಸ್ಟ್ಯಾಂಡ್ · 11:20
ಮನೆಯೊಳಗಿನದ್ದನ್ನೂ ನೋಡಿ ಅಕ್ಕ. ನಮ್ಮ ಅಕ್ಕನ ಮಗನಿಗೆ ಸೀಸ ಜಾಸ್ತಿ ಬಂದಿತ್ತು. ಪಕ್ಕದಲ್ಲಿ ಫ್ಯಾಕ್ಟರಿಯೂ ಇಲ್ಲ, ಏನೂ ಇಲ್ಲ. ಹುಡುಕಿದರೆ ಭಾವ ಹಳೆ ಬ್ಯಾಟರಿ ಬಿಚ್ಚುವ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಅದೇ ಅಂಗಿಯಲ್ಲಿ ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಹಳೆ ಬಾಗಿಲಿನ ಬಣ್ಣ, ಸಂತೆಯಲ್ಲಿ ಬಿಡಿಯಾಗಿ ಮಾರುವ ತೀರಾ ಹಳದಿ ಅರಿಶಿನ ಪುಡಿ, ಕಳಪೆ ಕಲಾಯಿ ಪಾತ್ರೆಯಲ್ಲಿ ಹುಣಸೆ ಹುಳಿ ಕುದಿಸುವುದು, ಕಣ್ಣಿನ ಕಾಡಿಗೆ. ಎಲ್ಲ ಒಂದೊಂದು ದಾರಿ.

ಮೂಡಿಗೆರೆ_ಮಳೆ · 11:26
ನಮ್ಮ ಅಮ್ಮನ ಕಲಾಯಿ ಪಾತ್ರೆ ಸುದ್ದಿಗೆ ಬರಬೇಡಿ.

ಕಣದಮನೆ · 11:33
ಅರಿಶಿನ ನಮ್ಮದೇ ತೋಟದ್ದು. ಬಾಗಿಲು ಹಳೆಯದು, ನಿಜ. ಬಣ್ಣ ಎದ್ದು ಬರುತ್ತಿದೆ.

ಲ್ಯಾಬ್‌ಮಂದಿ · 11:50
ಸರಿ. ರಕ್ತದ ರಿಪೋರ್ಟ್ ಬರುವವರೆಗೆ ಮಾಡಬಹುದಾದ್ದು: ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಚಪ್ಪಲಿ ಹೊರಗೆ. ಕೆಸುವಿನ ಸೊಪ್ಪು, ಹರಿವೆ ಮೂರು ನೀರಿನಲ್ಲಿ ತೊಳೆಯಿರಿ. ಹಂಚಿನ ಮೇಲಿನ ಮಳೆನೀರು ಹಿಡಿಯುವವರಾದರೆ ಮೊದಲ ಮಳೆ ಬಿಟ್ಟುಬಿಡಿ. ಟಾನಿಕ್ ತಪ್ಪಿಸಬೇಡಿ. ದೇಹದಲ್ಲಿ ಕಬ್ಬಿಣ ಕಡಿಮೆ ಇದ್ದರೆ ಕರುಳು ಸೀಸವನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ರಾಗಿ ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಇದೆ.

ಕಡೂರು_ಎಕ್ಸ್‌ಪ್ರೆಸ್ · 11:55
ಎಲ್ಲ ರೋಗಕ್ಕೂ ಕೊನೆಗೆ ಮುದ್ದೆಯೇ ಮದ್ದು ಅಂತ ನಮ್ಮ ಕಡೆಯವರು ಮೊದಲೇ ಹೇಳಿದ್ದರು.

ಸಕಲೇಶಪುರ_ಏಲಕ್ಕಿ · 11:57
ಅಕ್ಕಿರೊಟ್ಟಿಯವರು ಏನು ಮಾಡಬೇಕು?

ಹೊಗೆಬತ್ತಿ · 12:10
ನಾಟಿ ಕೋಳಿ ಮೊಟ್ಟೆ ಯಾರೂ ಹೇಳಲಿಲ್ಲ. ಕೋಳಿ ಮಣ್ಣು ಕೆದಕಿ ತಿನ್ನುತ್ತದೆ, ಮಣ್ಣಿನದ್ದು ಮೊಟ್ಟೆಗೆ. ಹೊರದೇಶದಲ್ಲಿ ಇಂಥ ಘಟಕದ ಸುತ್ತ ಡಯಾಕ್ಸಿನ್ ನೋಡಲು ಮೊದಲು ಹಿಡಿಯುವುದೇ ಮನೆ ಕೋಳಿ ಮೊಟ್ಟೆಯನ್ನು.

ಕಣದಮನೆ · ಮುಂದಿನ ಸೋಮವಾರ, ಸಂಜೆ 7:15
ರಿಪೋರ್ಟ್ ಬಂತು. ಮಗಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5.6 ಮೈಕ್ರೋಗ್ರಾಂ. ಪಕ್ಕದಲ್ಲಿ "10ಕ್ಕಿಂತ ಕಡಿಮೆ, ಸಾಮಾನ್ಯ" ಅಂತ ಅಚ್ಚು ಹಾಕಿದ್ದಾರೆ. ನಮ್ಮ ಮನೆಯವರು ನೋಡಿ "ನಾರ್ಮಲ್ ಅಲ್ವಾ, ಸುಮ್ನೆ ದುಡ್ಡು ದಂಡ" ಅಂದರು. ಸಮಾಧಾನ ಪಡಲಾ?

ಲ್ಯಾಬ್‌ಮಂದಿ · 7:28
ಬೇಡ ಅಕ್ಕ. ಆ 10 ಹಳೆಯ ಗೆರೆ. ಅಮೆರಿಕದವರು 2012ರಲ್ಲಿ 5ಕ್ಕೆ ಇಳಿಸಿದರು, 2021ರಲ್ಲಿ 3.5ಕ್ಕೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂಲ ಹುಡುಕಿ ತಪ್ಪಿಸಿ ಅಂತ ಹೇಳಿತು. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟವೇ ಸೀಸಕ್ಕೆ ಇಲ್ಲ. ನಮ್ಮ ಲ್ಯಾಬುಗಳ ಫಾರಂ ಮಾತ್ರ ಬದಲಾಗಿಲ್ಲ. ನಾಚಿಕೆ ಆಗುತ್ತದೆ, ನಮ್ಮದೂ ಹಾಗೇ ಇದೆ.

ಹಾಗಂತ ಕೈಕಾಲು ಬಿಡಬೇಡಿ. 5.6ಕ್ಕೆ ಔಷಧಿ ಕೊಡುವುದಿಲ್ಲ. ರಕ್ತದಲ್ಲಿನ ಸೀಸ ತಿಂಗಳ ಲೆಕ್ಕದಲ್ಲಿ ಇಳಿಯುತ್ತದೆ, ಮೂಲ ನಿಂತರೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿಸಿ. ಈ ಅಂಕಿಯನ್ನು ಡಾಕ್ಟರಿಗೆ ತೋರಿಸಿ, "ನಾರ್ಮಲ್" ಅನ್ನುವ ಪದವನ್ನಲ್ಲ.

ಹೊಗೆಬತ್ತಿ · 7:31
ನಾನು ಮೊದಲೇ ಹೇಳಿದ್ದೆ. ಘಟಕ.

ರಸಾಯನ_ಮೇಷ್ಟ್ರು · 7:50
ಹೇಳಿದ್ದಿರಿ, ಆದರೆ 5.6 ಅನ್ನುವ ಅಂಕಿಯಲ್ಲಿ ಯಾರ ವಿಳಾಸವೂ ಬರೆದಿಲ್ಲ. ಬಾಗಿಲ ಬಣ್ಣ, ದಾರಿಯ ಬೂದಿ, ಚಿಮಣಿ, ಮೂರೂ ಇವೆ. ಹತ್ತಿರದ ಹತ್ತು ಹದಿನೈದು ಮಕ್ಕಳದ್ದು, ಐದಾರು ಕಿಲೋಮೀಟರ್ ಆಚೆ ಅಷ್ಟೇ ಮಕ್ಕಳದ್ದು, ಒಂದೇ ವಾರದಲ್ಲಿ ತೆಗೆಸಿದರೆ ಆಗ ಮಾತಾಡಬಹುದು. ಅದನ್ನು ಒಂದು ಮನೆಯವರು ಮಾಡಲಾಗದು. ತಾಲ್ಲೂಕು ಆರೋಗ್ಯಾಧಿಕಾರಿಗೆ ಊರವರ ಸಹಿ ಹಾಕಿ ಕೇಳಿ.

ಹೊಗೆಬತ್ತಿ · 7:54
ಹೋಗಲಿ, ಸಹಿ ಪತ್ರ ನಾನು ಬರೆದುಕೊಡುತ್ತೇನೆ. ನನ್ನ ಕನ್ನಡ ಚೆನ್ನಾಗಿದೆ, ಬಾಯಿ ಮಾತ್ರ ಕೆಟ್ಟದ್ದು.

ಅರಸೀಕೆರೆ_ತೆಂಗು · 8:02
150 ಪದ ನೆನಪಿರಲಿ.

ಹೊಗೆಬತ್ತಿ · 8:03
ಅದು ಮಾಹಿತಿ ಹಕ್ಕಿಗೆ ಸ್ವಾಮಿ. ಇದಕ್ಕೆ ನಾಲ್ಕು ಪುಟ.

ಕಣದಮನೆ · ಗುರುವಾರ, ಬೆಳಿಗ್ಗೆ 5:40
ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ. ಇಬ್ಬರು ಹಾಕಲಿಲ್ಲ, ಅವರ ಮಕ್ಕಳು ಘಟಕದಲ್ಲಿ ಕೆಲಸಕ್ಕಿದ್ದಾರೆ. ಅವರ ಮೇಲೆ ಸಿಟ್ಟಿಲ್ಲ, ಬೂದಿ ತುಂಬುವ ಕೆಲಸವೇ ಆ ಹುಡುಗರದ್ದು, ಮಾಸ್ಕ್ ಅಂತ ಟವೆಲ್ ಕಟ್ಟಿಕೊಂಡು ಹೋಗುತ್ತಾರೆ. ಪರೀಕ್ಷೆ ಮೊದಲು ಆಗಬೇಕಾದ್ದು ಅವರಿಗೆ, ಅಲ್ವಾ? ಅದನ್ನೂ ಪತ್ರದಲ್ಲಿ ಸೇರಿಸಲು ಹೇಳಿದ್ದೇನೆ. ಬಾಗಿಲಿಗೆ ಸದ್ಯಕ್ಕೆ ಒದ್ದೆ ಮಾಡಿ ಉಜ್ಜಿ ಹೊಸ ಬಣ್ಣ. ಮಗಳನ್ನು ಅಜ್ಜಿ ಮನೆಗೆ ಕಳಿಸಿಯೇ ಅದನ್ನು ಮಾಡಿಸಿದೆ.

ಬೂದಿ ಲಾರಿ ನಿನ್ನೆ ರಾತ್ರಿ ಒಂದೂವರೆಗೆ ಹೋಯಿತು, ಟಾರ್ಪಲ್ ಇಲ್ಲದೆ. ಅತ್ತೆಯೇ ಎಬ್ಬಿಸಿದರು. ಈ ಸಲ ನಂಬರ್ ಬರೆದುಕೊಂಡಿದ್ದೇನೆ.